ಕೊಂಡುಕೊಂಡ ದನಿ

“ಓದಿರೋನು ಅಷ್ಟೇನೂ ಚೆನ್ನಾಗಿ ಓದಿಲ್ಲ. ಅದಕ್ಯಾಕೆ ಇಷ್ಟು ಒದ್ದಾಡ್ತೀರಿ, ಬಿಟ್ಟಾಕಿ.”

ಹಿಂದಿನಿಂದ ಬಂದ ಮಾತಿಗೆ ಯಶೋದ ಗಕ್ಕನೆ ತಿರುಗಿದಳು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರು ನಿಂಗರಾಜುವಿನ ಮೊಬೈಲ್ ಅಂಗಡಿ. ಮೂಲೆಯ ಸ್ಟೂಲಿನ ಮೇಲೆ ಒಬ್ಬಾತ ಕಾಲು ಚಾಚಿ ಕೂತಿದ್ದ. ಮೂವತ್ತು ದಾಟಿದ ಮುಖ, ಬಾಚದ ತಲೆ, ಕುತ್ತಿಗೆಗೆ ಸುತ್ತಿಕೊಂಡ ತೆಳು ಟವಲ್ಲು. ದನಿ ಮಾತ್ರ ಹರಿದ ತಮಟೆಯಂತೆ ಒಡೆದಿತ್ತು.

“ನೀವ್ಯಾರ್ರೀ ಹೇಳೋಕೆ? ಆ ಆಡಿಯೋ ಪುಸ್ತಕ ಪೂರ್ತಿ ಕೇಳಿದ್ದೀರಾ?”

“ಅಲ್ಲಲ್ಲಿ ಕೇಳಿದ್ದೀನಿ.”

“ಅಲ್ಲಲ್ಲಿ ಕೇಳಿ ಸರ್ಟಿಫಿಕೇಟ್ ಕೊಡಬೇಡಿ. ದೋಣಿ ನಡೆಸೋ ಗೌರಿ ಅಳೋ ಕಡೆ ಓದೋರು ಅಳೋದಿಲ್ಲ, ಗೊತ್ತಾ? ಒಂದು ಉಸಿರು ತಗೋತಾರೆ, ಅಷ್ಟೇ. ಅಳೋದನ್ನ ಕೇಳೋರಿಗೆ ಬಿಟ್ಟಿರ್ತಾರೆ. ಅಂಥ ದನಿ ಈ ಸೀಮೇಲೇ ಇಲ್ಲ.”

ಆತ ತಲೆ ತಗ್ಗಿಸಿದ. ತುಟಿಯ ಅಂಚಿನಲ್ಲಿ ಏನೋ ಮಿಣುಕಿತು. ಗೇಲಿ ಮಾಡುತ್ತಿದ್ದಾನೆ ಅಂದುಕೊಂಡು ಯಶೋದಳಿಗೆ ಮೈಯುರಿಯಿತು.

ಅವಳು ಹನೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಮನೆ ಲೊಕ್ಕನಹಳ್ಳಿ. ಮನೆಯಲ್ಲಿ ಅವಳು, ಅವ್ವ ಶಿವರತ್ನಮ್ಮ, ಮತ್ತೆ ಅವ್ವನ ರೇಷ್ಮೆ ಹುಳ. ಶಿವರತ್ನಮ್ಮ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕಥೆ ಎಂದರೆ ಊಟ ಬಿಟ್ಟು ಕೂರುವವಳು. ಯಶೋದ ತನ್ನ ಸಂಬಳದಲ್ಲಿ ಒಂದು ಆ್ಯಪ್‌ನಿಂದ ಒಂದೊಂದೇ ಆಡಿಯೋ ಪುಸ್ತಕ ಕೊಂಡು ಅವ್ವನಿಗೆ ಕೇಳಿಸುತ್ತ ಬಂದಿದ್ದಳು. ಹೆಚ್ಚಿನವನ್ನೆಲ್ಲ ಓದಿದ್ದು ಒಬ್ಬನೇ. ಆ್ಯಪ್‌ನಲ್ಲಿ ‘ವಾಚನ: ಕೆ. ಸ್ವಾಮಿ’ ಎಂದಷ್ಟೇ ಇರುತ್ತಿತ್ತು.

ತೊಂದರೆ ಎಂದರೆ, ಬೆಳಿಗ್ಗೆ ಯಶೋದ ಬಸ್ ಹತ್ತಿದರೆ ಫೋನೂ ಅವಳ ಜೊತೆ ಹೋಗುತ್ತಿತ್ತು. ಕಥೆ ಅರ್ಧಕ್ಕೆ ನಿಲ್ಲುತ್ತಿತ್ತು. ಇನ್ನೊಂದು ಸ್ಮಾರ್ಟ್‌ಫೋನ್ ಕೊಡಿಸಿ ನೋಡಿದ್ದೂ ಆಯಿತು. ಸೊಪ್ಪು ಕತ್ತರಿಸಿ ಕತ್ತರಿಸಿ ಒರಟಾದ ಅವ್ವನ ಬೆರಳಿಗೆ ಆ ಗಾಜು ಮಾತೇ ಕೇಳುತ್ತಿರಲಿಲ್ಲ. ಕಾಡಂಚಿನ ಹುಳದ ಮನೆಯಲ್ಲಿ ನೆಟ್‌ವರ್ಕೂ ಇರಲಿಲ್ಲ. ಅದಕ್ಕೇ ಯಶೋದ ಮೆಮೊರಿ ಕಾರ್ಡ್ ಹಾಕುವ ಒಂದು ಪುಟ್ಟ ಸ್ಪೀಕರ್ ತಂದಿದ್ದಳು. ಗುಂಡಿ ಒತ್ತಿದರೆ ಹಾಡುವಂಥದ್ದು. ಆದರೆ ಆ್ಯಪ್‌ನ ಪುಸ್ತಕ ಆ್ಯಪ್ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅದರ ಮೇಲೆ ಈಗ ಆ ಆ್ಯಪೇ ತಿಂಗಳ ಕೊನೆಗೆ ಮುಚ್ಚಿಹೋಗುತ್ತದೆ ಎಂಬ ಸಂದೇಶ ಬಂದಿತ್ತು.

ನಿಂಗರಾಜು ಕೇಬಲ್ ಚುಚ್ಚಿ, ಫೋನಿನ ಒಳಗೆಲ್ಲ ಹುಡುಕಿ, ಕೈಚೆಲ್ಲಿದ. “ಫೈಲೇನೋ ಅವೆ ಮೇಡಂ. ಬೀಗ ಜಡಿದ್ಬುಟ್ಟವ್ರೆ. ಬೇರೆ ಎಲ್ಲೂ ಓಪನ್ ಆಗಕಿಲ್ಲ. ಯಾಕ್ ತಲೆ ಕೆಡಿಸ್ಕಂಡೀರಿ, ಇವೇ ಪುಸ್ತಕ ಎಲ್ಲೋ ಒಂದು ಗ್ರೂಪಲ್ಲಿ ಫ್ರೀಯಾಗಿ ಸಿಕ್ತವೆ. ಇಳಿಸ್ಕೊಡ್ಲಾ?”

“ಬೇಡ.”

“ಫ್ರೀ ಕಣ್ರಿ!”

“ಕದ್ದ ಮಾಲು ಬೇಡ ನಂಗೆ. ನಾನು ದುಡ್ಡು ಕೊಟ್ಟು ಕೊಂಡಿರೋದು. ನಂದೇ ನಂಗೆ ಬೇಕು.”

ಸ್ಟೂಲಿನ ಮೇಲಿದ್ದವನು ಎದ್ದು ಬಂದ. ಈಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

“ಬೀಗ ಒಡೆಯೋದು ಬೇಡ,” ಎಂದ. “ಫೋನಿಂದ ಲ್ಯಾಪ್‌ಟಾಪಿಗೆ ಒಂದು ವೈರು ಹಾಕಿ, ಪುಸ್ತಕ ಓಡಿಸಿ, ಅದು ಓದ್ತಾ ಇದ್ದ ಹಾಗೇ ರೆಕಾರ್ಡ್ ಮಾಡ್ಕೋಬೋದು. ಎಂಪಿತ್ರೀ ಮಾಡಿಬಿಟ್ರೆ ನಿಮ್ಮ ಸ್ಪೀಕರಲ್ಲೂ ಹಾಡ್ತದೆ, ಟ್ರ್ಯಾಕ್ಟರಲ್ಲೂ ಹಾಡ್ತದೆ. ಹತ್ತು ಗಂಟೆ ಪುಸ್ತಕಕ್ಕೆ ಹತ್ತು ಗಂಟೇನೇ ಬೇಕು. ತಾಳ್ಮೆ ಇದ್ಯಾ?”

“ಇದೆ.”

“ಯಳಂದೂರಲ್ಲಿ ನನ್ನ ರೂಮಲ್ಲಿ ಮಿಷಿನ್ ಇದೆ. ಮುಂದುಗಡೆ ನಮ್ಮಕ್ಕನ ಟೈಲರಿಂಗ್ ಅಂಗಡಿ. ಅಕ್ಕ ಇಡೀ ದಿನ ಅಲ್ಲೇ ಇರ್ತಾಳೆ. ಭಾನುವಾರ ಬನ್ನಿ. ಅಷ್ಟರಲ್ಲಿ ಕಂಪನಿಯೋರನ್ನೂ ಒಂದು ಮಾತು ಕೇಳಿಟ್ಟಿರ್ತೀನಿ.”

“ಅವರು ನಿಮಗೆ ಗೊತ್ತಾ?”

“ಮುಂಚೆ ಗೊತ್ತಿದ್ರು,” ಎಂದು ಟವಲ್ಲು ಸರಿಮಾಡಿಕೊಂಡ.

“ನಮ್ ಕುಮಾರಣ್ಣ, ಒಳ್ಳೇರು. ಓಗಿ ಮೇಡಂ,” ಎಂದ ನಿಂಗರಾಜು.

*

ಭಾನುವಾರ ಯಳಂದೂರಿನ ಆ ಬೀದಿಯಲ್ಲಿ ಹೊಲಿಗೆ ಯಂತ್ರದ ಸದ್ದು ಹಿಡಿದುಕೊಂಡೇ ಯಶೋದ ಮನೆ ಪತ್ತೆ ಮಾಡಿದಳು. ಕುಮಾರನ ಅಕ್ಕ ಮಂಗಳ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಕ್ಕು ಒಳಗೆ ಕೈ ತೋರಿಸಿದಳು.

ಒಳಕೋಣೆಯ ಗೋಡೆಗೆಲ್ಲ ಹಳೆ ಹತ್ತಿ ಹಾಸಿಗೆ ಹೊಡೆದಿತ್ತು. ಬಾಗಿಲು ಹಾಕಿದರೆ ಬೀದಿಯೇ ಇಲ್ಲವಾಗುತ್ತಿತ್ತು. ಮಧ್ಯೆ ಒಂದು ಮೇಜು, ಲ್ಯಾಪ್‌ಟಾಪು, ಬಟ್ಟೆ ಮುಚ್ಚಿಟ್ಟ ಮೈಕು.

“ಕಂಪನಿಯೋರು ಏನಂದ್ರು?”

“ಕೊಂಡಿರೋರು ಸ್ವಂತಕ್ಕೆ ಒಂದು ಕಾಪಿ ಇಟ್ಕೊಂಡ್ರೆ ನಮ್ದೇನೂ ತಕರಾರಿಲ್ಲ ಅಂದ್ರು. ಫೈಲ್ ಕಳಿಸೋಣ ಅಂದ್ರೆ ಆಫೀಸಲ್ಲಿ ಜನಾನೇ ಇಲ್ವಂತೆ. ಒಂದು ಮಾತು, ವಾಟ್ಸಾಪಲ್ಲಿ ಯಾರಿಗೂ ಹಂಚಬಾರದು.”

“ನಮ್ಮವ್ವಂಗೆ ಬಿಟ್ಟು ಇನ್ಯಾರಿಗೂ ಇಲ್ಲ.”

ಅವನು ವೈರು ಸಿಕ್ಕಿಸಿದ. ಕೆಂಪು ಗುಂಡಿ ಒತ್ತಿದ. ಯಶೋದ ಗೌರಿಯ ಕಥೆಯ ಮೊದಲ ಅಧ್ಯಾಯ ಓಡಿಸಿದಳು. ಪರದೆಯ ಮೇಲೆ ಹಸಿರು ಗೆರೆ ಅಲೆಯಲೆಯಾಗಿ ಏಳತೊಡಗಿತು. ಕೋಣೆ ತುಂಬ ಆ ದನಿ, ಮಾಗಿದ ದನಿ, ಹರಿಯಿತು. ಅದು ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕುಮಾರ ಎದ್ದು ಹೊರಗೆ ಹೋಗಿಬಿಟ್ಟ.

ಯಶೋದಳಿಗೆ ಅದು ಒರಟುತನ ಅನ್ನಿಸಿತು. ಹೇಳದೆ ಕೇಳದೆ ಎದ್ದು ಹೋಗುವುದೆಂದರೇನು?

ಎರಡನೇ ಅಧ್ಯಾಯದ ನಡುವೆ ಅವನು ಟೀ ಹಿಡಿದು ಬಂದ. ಸ್ಪೀಕರಿನಲ್ಲಿ ದನಿ ಹೇಳುತ್ತಿತ್ತು: “ಹೊಳೆ ತುಂಬಿ ಬಂದಿತ್ತು. ಆದರೆ...” ಅಲ್ಲೊಂದು ಸಣ್ಣ ತಡೆ. ಎಲೆಯ ತುದಿಯಲ್ಲಿ ಹನಿ ನಿಂತ ಹಾಗೆ. “...ಗೌರಿ ದೋಣಿ ಬಿಚ್ಚಿದಳು.” ಆ ತಡೆ ಯಶೋದಳಿಗೆ ಬಾಯಿಪಾಠ. ಅದಕ್ಕಾಗಿ ಅವಳು ಎಷ್ಟೋ ಸಲ ಹಿಂದಕ್ಕೆ ತಳ್ಳಿ ಕೇಳಿದ್ದಳು.

“ಮುಗಿಯೋವರೆಗೂ ಕೂತಿರಿ, ಪರವಾಗಿಲ್ಲ,” ಎಂದ ಕುಮಾರ ಒಡೆದ ದನಿಯಲ್ಲಿ. “ಆದರೆ... ಟೀ ಆರೋಗ್ತದೆ.”

ಯಶೋದಳ ಕೈ ಲೋಟದ ಹತ್ತಿರ ನಿಂತಿತು. ಮೆಲ್ಲನೆ ತಲೆಯೆತ್ತಿದಳು. ಅವಳು ನೋಡಿದ ರೀತಿಗೇ ಅವನಿಗೆ ಗೊತ್ತಾಗಿಹೋಯಿತು.

“ನೀವು.”

ಅವನು ಕುತ್ತಿಗೆಯ ಟವಲ್ಲು ಬಿಗಿಮಾಡಿಕೊಂಡ.

“ಕೆ. ಸ್ವಾಮಿ ಅಂದ್ರೆ ಕುಮಾರಸ್ವಾಮಿ. ನೀವೇ!” ಅವಳ ಕೆನ್ನೆ ಬಿಸಿಯಾಯಿತು. ಅಂಗಡಿಯಲ್ಲಿ ಅಂದ ಒಂದೊಂದು ಮಾತೂ ನೆನಪಾಯಿತು. “ಅಯ್ಯೋ, ನಿಮ್ಮ ಮುಂದೇನೇ ನಿಮ್ಮನ್ನ... ಹೇಳಬಾರದಿತ್ತಾ?”

“ಹೇಳಿದ್ರೆ ಅಷ್ಟು ಹೊಗಳ್ತಿದ್ರಾ?” ಅವನು ನಗಲು ನೋಡಿದ. ನಗು ಕೆಮ್ಮಾಗಿ ಮುಗಿಯಿತು.

ಆಮೇಲೆ ನಿಂತೇ ಹೇಳಿದ. ಪುಸ್ತಕ ಓದಿ ಹೊಟ್ಟೆ ತುಂಬುತ್ತಿರಲಿಲ್ಲ. ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೂರು ಪ್ರಚಾರಕ್ಕೆ ಕೂಗುತ್ತಿದ್ದ. ಕೂಗಿ ಕೂಗಿ ಗಂಟಲಲ್ಲಿ ಗಂಟು ಬೆಳೆಯಿತು. ಆಪರೇಷನ್ ಮಾಡಿ ತೆಗೆದರು. ಜೀವಕ್ಕೆ ತೊಂದರೆ ಇಲ್ಲ, ದನಿ ಇಷ್ಟೇ ಅಂದರು. ಅದಾದ ಮೇಲೆ ಈ ಕೋಣೆಯ ಬಾಗಿಲು ಹಾಕಿಟ್ಟವನು, ಇವತ್ತೇ ತೆಗೆದದ್ದು.

“ಆ್ಯಪ್ ಮುಚ್ತದೆ ಅಂದಾಗ ನಂಗೆ ಒಂಥರಾ ನೆಮ್ಮದಿ ಆಗಿತ್ತು,” ಎಂದ. “ಅದೂ ಹೋಗ್ಲಿ, ನಂದೂ ಮುಗೀಲಿ ಅಂತ. ಅಂಗಡೀಲಿ ಬಿಟ್ಟಾಕಿ ಅಂದದ್ದೂ ಅದಕ್ಕೇ. ಕದ್ದ ಮಾಲು ಬೇಡ ಅಂತ ನೀವು ಅಂದ್ರಲ್ಲ, ಆಗ ಬಾಯ್ತಪ್ಪಿ ಬನ್ನಿ ಅಂದೆ. ಇದನ್ನ ಇಲ್ಲಿಗೇ ನಿಲ್ಸೋಣ್ವಾ?”

ಯಶೋದ ಎದ್ದು ನಿಂತಳು. ಅವಳಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕಿಂತ ಹೆಚ್ಚಾಗಿ ಹಟ ಬಂತು.

“ನಿಲ್ಸಲ್ಲ. ದನಿ ನಿಮ್ದೇ ಇರಬೋದು, ಪುಸ್ತಕ ನಂದು. ನಿಮಗೆ ಬೇಡ ಅಂದ್ರೆ ಹೊರಗಡೆ ಇರಿ. ನಾನು ಇಲ್ಲಿಂದ ಏಳಲ್ಲ.”

ಅವನು ಅವಳನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ಹೊರಗೆ ಹೋಗಿ, ಅಕ್ಕನ ಪಕ್ಕ ಕೂತು ಅಂಗಿಗೆ ಗುಂಡಿ ಹಚ್ಚತೊಡಗಿದ.

*

ಯಶೋದ ಲ್ಯಾಬಿನಲ್ಲಿ ಬಾಕಿ ಇದ್ದ ರಜೆಗಳನ್ನೆಲ್ಲ ಎಳೆದುಕೊಂಡಳು. ಲೊಕ್ಕನಹಳ್ಳಿಯಿಂದ ಹನೂರು, ಹನೂರಿಂದ ಕೊಳ್ಳೇಗಾಲ, ಅಲ್ಲಿಂದ ಯಳಂದೂರು. ಮೂರು ಬಸ್ಸು ಹತ್ತಿ ಇಳಿದು ಬರುವಷ್ಟರಲ್ಲಿ ಮುಡಿದ ಹೂವು ಬಾಡಿರುತ್ತಿತ್ತು. ಆದರೂ ಮುಡಿದೇ ಬರುತ್ತಿದ್ದಳು.

ಕುಮಾರ ಮೊದಮೊದಲು ಬಾಗಿಲ ಹೊರಗೆ ಇರುತ್ತಿದ್ದ. ಆಮೇಲೆ ಹೊಸ್ತಿಲಲ್ಲಿ. ಆಮೇಲೊಂದು ದಿನ ರೆಕಾರ್ಡಿಂಗ್ ತುಂಡು ತುಂಡಾಗಿ ಬರುತ್ತಿದೆ ಎಂದು ಅವಳು ಕರೆದಳು. ಅವನು ವೈರು ಬದಲಾಯಿಸಿ, ಹಾಗೆಯೇ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟ.

“ಇಲ್ಲಿ ನೀವು ನಕ್ಕಿದ್ದೀರಿ,” ಎಂದಳು ಯಶೋದ ಇದ್ದಕ್ಕಿದ್ದಂತೆ.

“ಎಲ್ಲಿ?”

“ಈಗ ಬರ್ತದೆ ನೋಡಿ. ಸಾಹುಕಾರ ಕೆಸರಲ್ಲಿ ಬಿದ್ದ ಅಂತ ಓದೋವಾಗ. ನಗು ನುಂಗಿದ್ದೀರಿ, ಆದ್ರೂ ‘ಬಿದ್ದ’ ಅನ್ನೋದು ಸ್ವಲ್ಪ ಅಲ್ಲಾಡಿದೆ.”

ಅವನು ಕಿವಿಗೊಟ್ಟು ಕೇಳಿದ. ನಿಜ. ಅವತ್ತು ಕಂಪನಿಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಅವನಿಗೂ ಮರೆತುಹೋಗಿತ್ತು. ಈಗ ಅವನು ಜೋರಾಗಿ ನಕ್ಕ. ಒಡೆದ, ಗರಗರ ನಗು. ಯಶೋದ ಪರದೆ ನೋಡುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು. ತನ್ನ ತುಟಿ ತನ್ನ ಮಾತು ಕೇಳುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಧ್ಯಾಯ ಓಡುತ್ತಿದ್ದಾಗ ಮಾಡಲು ಬೇರೇನೂ ಇರುತ್ತಿರಲಿಲ್ಲ. ಅದು ತನ್ನ ವೇಗದಲ್ಲೇ ಓಡಬೇಕು. ಇವರು ಕಾಯಬೇಕು. ಕಾಯುತ್ತ ಮಾತಾಡಿದರು. ದನಿ ವೈರಿನ ಒಳಗೇ ಹೋಗುತ್ತಿದ್ದುದರಿಂದ ಇವರ ಮಾತು ಅದರಲ್ಲಿ ಸೇರುತ್ತಿರಲಿಲ್ಲ. ಅವನು ಬಿಳಿಗಿರಿರಂಗನ ಬೆಟ್ಟಕ್ಕೆ ಚಿಕ್ಕಂದಿನಲ್ಲಿ ನಡೆದು ಹೋದದ್ದು ಹೇಳಿದ. ಅವಳು ನರ ಸಿಗದ ಕೈಗಳ ಬಗ್ಗೆ ಹೇಳಿದಳು.

“ಎಲ್ಲಿ, ನಿಮ್ಮ ಕೈ ಕೊಡಿ,” ಎಂದಳು ಒಮ್ಮೆ. ಅವನು ತೋಳು ಚಾಚಿದ. ಅವಳು ಎರಡು ಬೆರಳಿಟ್ಟು ನರ ಮುಟ್ಟಿ ನೋಡಿದಳು. “ಒಳ್ಳೆ ನರ. ಕಣ್ಣು ಮುಚ್ಕೊಂಡೂ ಚುಚ್ಚಬೋದು.”

“ಚುಚ್ಚಿದ್ದಾಯ್ತಲ್ಲ,” ಎಂದ ಅವನು ಮೆಲ್ಲಗೆ.

ಅವಳು ಬೆರಳು ತೆಗೆಯಬೇಕಿತ್ತು. ತಡವಾಯಿತು.

“ನಿಂಗರಾಜು ಕುಮಾರಣ್ಣ ಅಂತಾನೆ, ಬೀದಿಯೋರೆಲ್ಲಾ ಕುಮಾರಣ್ಣ ಅಂತಾರೆ,” ಎಂದಳು ಮಂಗಳಕ್ಕ, ಒಗ್ಗರಣೆ ಮಂಡಕ್ಕಿಯ ತಟ್ಟೆ ಇಡುತ್ತ. “ನೀನೊಬ್ಳು ಮಾತ್ರ ಬರೀ ಕುಮಾರ್ ಅಂತೀಯಲ್ಲ ಯಶೋದ, ಆ ಅಣ್ಣ ಎಲ್ ಬಿದ್ದೋಯ್ತು?”

“ಬಸ್ಸಲ್ಲಿ ಬಿದ್ದೋಯ್ತು ಅಕ್ಕ,” ಎಂದಳು ಯಶೋದ, ತಲೆಯೆತ್ತದೆ. ಮಂಗಳಕ್ಕ ನಕ್ಕ ನಗು ಹೊರಗಿನ ಹೊಲಿಗೆ ಯಂತ್ರದವರೆಗೂ ಹೋಯಿತು.

ಒಂದೊಂದೇ ಪುಸ್ತಕ ಮುಗಿಯಿತು. ಅವನು ಪ್ರತಿ ಅಧ್ಯಾಯವನ್ನು ಬೇರೆ ಬೇರೆ ಕತ್ತರಿಸಿ, ಅಂಕಿ ಹಾಕಿ, ಸಾಲಾಗಿ ಜೋಡಿಸಿದ. ಅಕ್ಷರ ಬಾರದ ಅವ್ವ ಬರೀ ಗುಂಡಿ ಒತ್ತುತ್ತ ಹೋದರೂ ಕಥೆ ಹಿಂದುಮುಂದಾಗಬಾರದು ಎಂದು. ಗೌರಿಯ ಕಥೆಯ ಕೊನೆಯ ಅಧ್ಯಾಯವನ್ನು ಮಾತ್ರ ಯಶೋದ ಬೇಕೆಂದೇ ಕಡೆಗೆ ಉಳಿಸಿಕೊಂಡಿದ್ದಳು. ಅದು ಮುಗಿದರೆ ಯಳಂದೂರಿಗೆ ಬರಲು ನೆಪ ಇರುವುದಿಲ್ಲ.

ಆ ಆಸೆಯೇ ಕೆಡಿಸಿತು. ತಿಂಗಳ ಕೊನೆಯ ದಿನ ಮಧ್ಯಾಹ್ನ ಅವಳು ಬಂದು ಕೂತು, ಅಧ್ಯಾಯ ಶುರುವಾಗಿ ಇನ್ನೂ ನಾಲ್ಕು ಮಾತು ಆಗಿರಲಿಲ್ಲ, ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟು ಬಂದಾಗ ಸಂಜೆ. ಆ್ಯಪ್ ತೆರೆದರೆ ಬಿಳಿ ಪರದೆಯ ಮೇಲೆ ಒಂದೇ ಸಾಲು: ‘ನಮ್ಮ ಸೇವೆ ಮುಕ್ತಾಯವಾಗಿದೆ. ವಂದನೆಗಳು.’

ಯಶೋದ ಮತ್ತೆ ಮತ್ತೆ ಒತ್ತಿದಳು. ಮುಚ್ಚಿ ತೆಗೆದಳು. ಕಣ್ಣು ತುಂಬಿತು.

“ಅಚ್ಚಾದ ಪುಸ್ತಕ ನನ್ನ ಹತ್ರ ಇದೆ,” ಎಂದ ಕುಮಾರ. “ತಗೊಂಡು ಹೋಗಿ. ನಿಮ್ಮವ್ವಂಗೆ ನೀವೇ ಓದಿ ಹೇಳಿ.”

“ನೀವು ಓದಿ. ಮೈಕು ಇಲ್ಲೇ ಇದೆ.”

“ಈ ಗಂಟಲಲ್ಲಾ?”

“ಹೂಂ.”

“ಬೇಡ ಯಶೋದ.”

“ಒಂದೇ ಅಧ್ಯಾಯ ಕುಮಾರ್...”

“ಬೇಡ ಅಂದೆ!” ದನಿ ಏರಿಸಲು ಹೋಗಿ ಅದು ಚೂರುಚೂರಾಯಿತು. ಅವನು ಅಲ್ಲಿವರೆಗೆ ತುಂಬಿಸಿದ್ದ ಮೆಮೊರಿ ಕಾರ್ಡನ್ನು ಅವಳ ಮುಂದೆ ಇಟ್ಟ. “ನೀವು ಮೂರು ಬಸ್ ಹತ್ತಿ ಬಂದದ್ದು ಯಾರಿಗೋಸ್ಕರ? ಅವನು ಇದರಲ್ಲಿದಾನೆ. ಚೆನ್ನಾಗಿ ಓದ್ತಾನೆ. ತಗೊಂಡು ಹೋಗಿ. ನಾನು ಅವನಲ್ಲ.”

ಯಶೋದ ಕಾರ್ಡು ತೆಗೆದುಕೊಂಡು ಎದ್ದಳು. ಮಂಗಳಕ್ಕ ಹಿಂದಿನಿಂದ ಕರೆದದ್ದು ಕೇಳಿಸಿತು. ತಿರುಗಲಿಲ್ಲ.

*

ಲೊಕ್ಕನಹಳ್ಳಿಯಲ್ಲಿ ಶಿವರತ್ನಮ್ಮನ ಸಂಭ್ರಮ ಹೇಳತೀರದು. ಹೆಬ್ಬೆರಳಲ್ಲಿ ಗುಂಡಿ ಒತ್ತುವುದು, ಸೊಪ್ಪು ಹಾಸುವುದು, ಮತ್ತೆ ಒತ್ತುವುದು. ಮಗಳು ಬಸ್ ಹತ್ತಿದರೂ ಕಥೆ ಮನೆಯಲ್ಲೇ ಉಳಿಯಿತು. ಸ್ಪೀಕರನ್ನು ಹುಳದ ತಟ್ಟೆಗಳ ಪಕ್ಕ ಗೋಡೆಯ ಗೂಡಿನಲ್ಲಿಟ್ಟುಕೊಂಡಳು. ಪಕ್ಕದ ಮನೆಯ ಜಡೆಮ್ಮನೂ ಬಂದು ಕೂರತೊಡಗಿದಳು.

ಆ ವಾರದ ಕೊನೆಗೆ ಶಿವರತ್ನಮ್ಮ ಹುಳದ ಮನೆಯಿಂದಲೇ ಕೂಗಿದಳು. “ಮೊಗಾ, ಇದ್ಯಾಕ ನಿಂತೋಯ್ತು? ಗೌರಿ ದೋಣಿ ಬುಟ್ಟವ್ಳೆ. ದಡ ಸೇರದ್ಲಾ ಇಲ್ವಾ?”

ಯಶೋದ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಆಪರೇಷನ್ನು, ಕರೆಂಟು, ಜಗಳ. ಹೇಳುತ್ತ ಹೇಳುತ್ತ ತಾನು ಪುಸ್ತಕದ ಮಾತು ಬಿಟ್ಟು ಕುಮಾರನ ಮಾತೇ ಆಡುತ್ತಿದ್ದೇನೆ ಎಂದು ಅವಳಿಗೇ ತಿಳಿಯಿತು. ಅವ್ವನಿಗೆ ಅದಕ್ಕೂ ಮುಂಚೆಯೇ ತಿಳಿದಿತ್ತು.

“ಅಲ್ಲ ಕಣವ್ವ,” ಎಂದಳು ಶಿವರತ್ನಮ್ಮ, ಕೈಯ ಸೊಪ್ಪು ಕೊಡವುತ್ತ. “ಅವ ನಾನು ಅವನಲ್ಲ ಅಂದ. ನೀ ಏನಂದೆ?”

“ಏನೂ ಅನ್ನಲಿಲ್ಲ. ಎದ್ದು ಬಂದೆ.”

“ಅದ್ಕೇ ಈ ಮೋರೆ. ಅನ್ಬೇಕಾದ್ದ ಅಂದ್ಬುಟ್ಟು ಬಾ, ಓಗು.”

ಮಾರನೆಯ ಬೆಳಿಗ್ಗೆ ಯಶೋದ ಮೊದಲ ಬಸ್ಸಿಗೇ ಹೊರಟಳು. ಅಂದು ಹೂವು ಮುಡಿಯುವುದು ಮರೆತುಹೋಗಿತ್ತು.

ಯಳಂದೂರಿನ ಆ ಕೋಣೆಯಲ್ಲಿ ಕುಮಾರ ಗೋಡೆಯ ಹಾಸಿಗೆಗಳನ್ನು ಕಿತ್ತು ಕೆಳಗಿಳಿಸುತ್ತಿದ್ದ. ಒಂದು ಗೋಡೆ ಆಗಲೇ ಬೋಳಾಗಿ, ಮೊಳೆ ಕಿತ್ತ ತೂತುಗಳು ಕಾಣುತ್ತಿದ್ದವು. ಹತ್ತಿಯ ಧೂಳಿನ ನಡುವೆ ಅವಳನ್ನು ಕಂಡು ಅವನ ಕೈ ನಿಂತಿತು.

“ರೂಮನ್ನ ಅಕ್ಕಂಗೆ ಕೊಡ್ತಾ ಇದೀನಿ,” ಎಂದ. “ಬಟ್ಟೆ ಇಡೋಕೆ ಜಾಗ ಸಾಲ್ದು.”

ಯಶೋದ ಅವನು ಹಿಡಿದಿದ್ದ ಹಾಸಿಗೆಯ ಇನ್ನೊಂದು ತುದಿ ಹಿಡಿದಳು. ಇಳಿಸಲು ಬಿಡಲಿಲ್ಲ.

“ನಾನು ಹೇಳೋದು ಕೇಳಿ, ಆಮೇಲೆ ಕೀಳಿ. ನಿಜ, ಮೊದಲು ನಾನು ಬಂದದ್ದು ಆ ದನಿಗೆ. ಸುಳ್ಳು ಹೇಳಲ್ಲ. ಎರಡು ವರ್ಷ ಅದನ್ನ ಕಿವೀಲಿ ಇಟ್ಕೊಂಡು ಬಸ್ಸಲ್ಲಿ ಓಡಾಡಿದೀನಿ. ಆದ್ರೆ ಕುಮಾರ್, ಆ ದನಿ ಒಂದು ದಿನಾನೂ ನನ್ನ ಜೊತೆ ಜಗಳ ಆಡಿಲ್ಲ. ನನ್ನ ಮಾತಿಗೆ ನಕ್ಕಿಲ್ಲ. ಟೀ ಆರೋಗ್ತದೆ ಅಂದಿಲ್ಲ. ಅದಕ್ಕೆ ನಾನು ಇದೀನಿ ಅಂತಾನೂ ಗೊತ್ತಿಲ್ಲ. ಅದು ಕಾರ್ಡಲ್ಲಿದೆ, ನಮ್ಮವ್ವ ಕೇಳ್ಕೋತಾಳೆ. ಯಶೋದ ಅಂತ ನನ್ನ ಹೆಸರು ಕರೆದಿದ್ದು ಈ ದನಿ. ನಂಗೆ ಇದು ಬೇಕು.”

ಹೊರಗೆ ಹೊಲಿಗೆ ಯಂತ್ರ ನಿಂತಿತ್ತು. ಮಂಗಳಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಲೆಕ್ಕಿಸಲಿಲ್ಲ.

“ದಿನಾ ಕೇಳೋಕಾಗಲ್ಲ ಇದನ್ನ,” ಎಂದ ಅವನು. “ಸಂಜೆ ಹೊತ್ತಿಗೆ ಪೂರ್ತಿ ಹೊರಟೋಗ್ತದೆ. ಸನ್ನೆ ಮಾಡ್ಬೇಕಾಗ್ತದೆ.”

“ಸನ್ನೆ ನಂಗೆ ಅರ್ಥ ಆಗ್ತದೆ.”

“ಜೀವನ ಪೂರ್ತಿ?”

“ಕೇಳ್ತಾ ಇದೀರಾ, ಇಲ್ಲ ಹೆದರಿಸ್ತಾ ಇದೀರಾ?”

“ಕೇಳ್ತಾ ಇದೀನಿ,” ಎಂದ ಕುಮಾರ. ಅವನ ದನಿ ಆ ಮಾತಿನಲ್ಲಿ ಎರಡು ಕಡೆ ಮುರಿಯಿತು. ಯಶೋದ ತಲೆಯಾಡಿಸಿದಳು. ಹಾಸಿಗೆ ಇಬ್ಬರ ಕೈಯಿಂದಲೂ ಜಾರಿ ಕೆಳಗೆ ಬಿತ್ತು.

*

ಮುಂದಿನ ಭಾನುವಾರ ಕುಮಾರ ಮೊದಲ ಸಲ ಲೊಕ್ಕನಹಳ್ಳಿಯ ಬಸ್ಸಿಳಿದ. ಬಗಲಲ್ಲಿ ಪುಸ್ತಕ, ಒಂದು ಫ್ಲಾಸ್ಕ್ ಬಿಸಿನೀರು. ಹುಳ ದೊಡ್ಡದಾಗಿ, ಸೊಪ್ಪು ಎಷ್ಟು ಹಾಕಿದರೂ ಸಾಲದ ದಿನಗಳವು. ಶಿವರತ್ನಮ್ಮ ಕೈ ಬಿಡುವಂತಿರಲಿಲ್ಲ. ಅದಕ್ಕೇ ಅವನನ್ನು ಹುಳದ ಮನೆಗೇ ಕರೆದು ಸ್ಟೂಲು ಹಾಕಿಕೊಟ್ಟಳು. ಜಡೆಮ್ಮ ಆಗಲೇ ಬಂದು ಗೋಡೆಗೆ ಒರಗಿ ಕೂತಿದ್ದಳು.

ಅವನು ಪುಸ್ತಕ ಬಿಡಿಸಿ, ಒಂದು ವಾಕ್ಯ ಓದಿ ನಿಂತ. ಶಿವರತ್ನಮ್ಮ ಸ್ಪೀಕರನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

“ಕಷ್ಟ ಆಗ್ತದೆ ಅಮ್ಮ, ನಿಮಗೆ ಕೇಳೋಕೆ,” ಎಂದ.

“ನಂಗ್ಯಾಕಪ್ಪ ಕಷ್ಟ? ನೀ ಬಂದಷ್ಟು ಓದು. ನೀರು ಕುಡಿ, ಮತ್ತ ಓದು. ಆ ಎಣ್ಣು ಒಳೆ ಮಧ್ಯ ನಿಂತವ್ಳೆ, ದಡ ಸೇರ್ಸು ಮೊದ್ಲು.”

ಅವನು ಓದಿದ. ಸಾವಿರಾರು ಹುಳ ಸೊಪ್ಪು ಮೇಯುವ ಸರಸರ ಸದ್ದಿನ ಮೇಲೆ, ತಗ್ಗಿದ, ಗರಗರ ದನಿಯಲ್ಲಿ ಗೌರಿಯ ದೋಣಿ ನಿಧಾನವಾಗಿ ಮುಂದೆ ಸಾಗಿತು. ಕೆಲವು ಕಡೆ ದನಿ ಪೂರ್ತಿ ಕೈಕೊಡುತ್ತಿತ್ತು. ಆಗ ಅವನು ಪುಸ್ತಕವನ್ನು ಯಶೋದಳ ಕಡೆ ಸರಿಸಿ ಬೆರಳಿಟ್ಟು ತೋರಿಸುತ್ತಿದ್ದ. ಅವಳು ಆ ಸಾಲಿನಿಂದ ಎತ್ತಿಕೊಂಡು ಓದುತ್ತಿದ್ದಳು. ಅವನು ಎರಡು ಗುಟುಕು ನೀರು ಕುಡಿದು ಮತ್ತೆ ತಾನು ತೆಗೆದುಕೊಳ್ಳುತ್ತಿದ್ದ. ಮೇಜಿನ ಮೇಲೆ ಯಶೋದಳ ಫೋನು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು, ಹುಳದ ಸದ್ದು ಸಮೇತ.

ಗೌರಿ ದಡ ಸೇರಿದಳು. ಜಡೆಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಶಿವರತ್ನಮ್ಮ ಖಾಲಿ ಬುಟ್ಟಿ ಎತ್ತಿಕೊಂಡಳು.

“ಇದ್ನೂ ಕಾರ್ಡಿಗಾಕ್ಕೊಡು ಮೊಗ,” ಎಂದು ಮಗಳಿಗೆ ಹೇಳಿ, ಬಾಗಿಲ ಹತ್ತಿರ ನಿಂತು ಕುಮಾರನ ಕಡೆ ತಿರುಗಿದಳು. “ಉಣ್ಣಕ್ಕ ಏಳಪ್ಪ. ಮುದ್ದೆ ಆರೋಯ್ತದೆ. ಉಂಡ್ಮೇಲೆ ನಿಮ್ಮಕ್ಕಂಗೆ ಫೋನ್ ಮಾಡ್ಕೊಡು, ನಾ ಮಾತಾಡ್ಬೇಕು.”

ಕುಮಾರ ಉತ್ತರ ಕೊಡಲು ಬಾಯಿ ತೆರೆದ. ಅಷ್ಟು ಓದಿದ ಮೇಲೆ ದನಿ ಒಂಚೂರೂ ಉಳಿದಿರಲಿಲ್ಲ. ಅವನು ಯಶೋದಳನ್ನು ನೋಡಿ, ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿದ.

“ಆಯ್ತು ಅಂತಿದಾರೆ ಅವ್ವ,” ಎಂದಳು ಯಶೋದ.